ಒಳಗಿನ ಬದುಕು ಬಿಟ್ಟು ಬಂದವರಿಗೆ: ಶಿವಮೊಗ್ಗ ಸೀಮೆಯಲ್ಲಿ ಕೆಲಸ ಮತ್ತು ಮನೆ ಹುಡುಕುವ ದಾರಿ

ಹೊರಗಿನವರ ಜೊತೆ ಬಳಕೆಯೇ ಇಲ್ಲದ ಹಾಗೆ ನಡೆಯುವ ಧಾರ್ಮಿಕ ಗುಂಪೊಂದನ್ನು ಬಿಟ್ಟು ಬಂದವರಿಗಾಗಿ, ಅಥವಾ ಬಿಡಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದು ಆಶ್ರಮ ಇರಬಹುದು, ಸೆಮಿನರಿ ಇರಬಹುದು, ಮದರಸಾ ಇರಬಹುದು, ಒಂದೇ ಕಾಂಪೌಂಡಿನಲ್ಲಿ ಹತ್ತಾರು ಮನೆ ಕಟ್ಟಿಕೊಂಡು ಬದುಕುವ ಪ್ರಾರ್ಥನಾ ಗುಂಪು ಇರಬಹುದು. ಧರ್ಮ ಯಾವುದೇ ಆಗಲಿ, ಹೊರಗೆ ಬಂದ ಮೇಲೆ ಎದುರಾಗುವ ಕಷ್ಟ ಹೆಚ್ಚುಕಮ್ಮಿ ಒಂದೇ ಥರ. ದೇವರನ್ನು ನಂಬುತ್ತೀರೋ ಬಿಡುತ್ತೀರೋ ಅದು ನಿಮ್ಮಿಷ್ಟ. ಇಲ್ಲಿ ಹೊಟ್ಟೆಪಾಡು ಮತ್ತು ಸೂರಿನ ಮಾತು ಮಾತ್ರ.

ಮಲೆನಾಡಿನಲ್ಲಿ ಕೆಲಸ ಕೊಡುವವರೂ, ಮನೆ ಬಾಡಿಗೆಗೆ ಕೊಡುವವರೂ ಮೊದಲು ಕೇಳುವುದು ಒಂದೇ: "ಯಾವ ಊರಾಯ್ತು? ಯಾರ ಪೈಕಿ?" ಓದು, ಅನುಭವ ಎಲ್ಲಾ ಆಮೇಲೆ. "ಓ, ಅವರ ಮಗನಾ, ಗೊತ್ತು ಬಿಡಿ" ಅನ್ನುವ ಒಬ್ಬರಿದ್ದರೆ ಅರ್ಧ ಕೆಲಸ ಆದ ಹಾಗೆ. ಗುಂಪು ಬಿಟ್ಟು ಬಂದವರು ಕಳೆದುಕೊಂಡಿರುವುದು ಅದನ್ನೇ. ಒಳಗಿದ್ದಾಗ ಊಟ, ಮಲಗುವ ಜಾಗ, ಕೆಲಸ, ಪರಿಚಯದವರು ಎಲ್ಲವೂ ಒಬ್ಬರ ಕೈಯಲ್ಲೇ ಇತ್ತು. ಹೊರಗೆ ಕಾಲಿಟ್ಟ ದಿನ ನಾಲ್ಕೂ ಒಟ್ಟಿಗೆ ಹೋದವು. ಹೊಸದಾಗಿ ಕಟ್ಟಿಕೊಳ್ಳುವಾಗ ಅವು ಮತ್ತೆ ಒಬ್ಬರದೇ ಕೈಗೆ ಹೋಗದ ಹಾಗೆ ನೋಡಿಕೊಳ್ಳಿ. ಕೆಲಸ ಒಂದು ಕಡೆ, ಮನೆ ಇನ್ನೊಂದು ಕಡೆ, ಸ್ನೇಹ ಮತ್ತೊಂದು ಕಡೆ ಇರಲಿ. ಮೊದಲ ತಿಂಗಳಲ್ಲೇ ಇದು ಆಗುವುದಿಲ್ಲ, ಆದರೆ ಗುರಿ ಅದೇ.

ಇನ್ನೂ ಒಳಗೇ ಇದ್ದರೆ

ಕಾಗದಪತ್ರ ಮೊದಲು. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಮೂಲ ಪ್ರತಿ ಕೈಗೆ ಸಿಗದಿದ್ದರೆ ಫೋಟೋ ತೆಗೆದುಕೊಳ್ಳಿ. ಅದೂ ಆಗದಿದ್ದರೆ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರು ಮತ್ತು ಪಾಸಾದ ವರ್ಷ ಗೊತ್ತಿದ್ದರೆ ನಕಲು ಪ್ರತಿ ತೆಗೆಸುವುದು ಸುಲಭ. ನೀವು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಹೋಗಬೇಕು. ಆ ಶಾಲೆ ಗುಂಪಿನವರದ್ದೇ ಆಗಿದ್ದು, ಅವರು ಸತಾಯಿಸಿದರೆ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ ಬರವಣಿಗೆಯಲ್ಲೇ ದೂರು ಕೊಡಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಅದು ಅಲ್ಲೇ ಉಳಿಯುತ್ತದೆ.

ಇವೆಲ್ಲಕ್ಕಿಂತ ಮುಖ್ಯ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು. ಬಹಳ ಜನರ ಆಧಾರ್ ಗುಂಪಿನ ಕಚೇರಿಯ ಫೋನಿಗೋ, ಹಿರಿಯರೊಬ್ಬರ ಫೋನಿಗೋ ಜೋಡಣೆ ಆಗಿರುತ್ತದೆ. ನೀವು ಹೊರಗೆ ಬಂದು ಬ್ಯಾಂಕ್ ಖಾತೆ ತೆರೆಯಲು ಹೋದರೂ ಓಟಿಪಿ ಅವರಿಗೇ ಹೋಗುತ್ತದೆ. ನಿಮ್ಮ ಹೆಸರಿನಲ್ಲೇ ಹೊಸ ಸಿಮ್ ತೆಗೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗಿ. ಮೊಬೈಲ್ ನಂಬರು ಬದಲಾಯಿಸಲು ಬೇರೆ ದಾಖಲೆ ಕೇಳುವುದಿಲ್ಲ, ಬೆರಳಚ್ಚು ಸಾಕು. ಇದೊಂದು ಮುಗಿದರೆ ಉಳಿದ ಬೀಗಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ದಾಖಲೆಗಳನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಸರ್ಕಾರಿ ಆ್ಯಪ್ ಡಿಜಿಲಾಕರ್ ತೆರೆಯಬಹುದು, ಶೂನ್ಯ ಬ್ಯಾಲೆನ್ಸಿನ ಜನಧನ್ ಖಾತೆ ಮಾಡಿಸಬಹುದು. ಆಧಾರ್ ವಿಷಯದಲ್ಲಿ ಏನೇ ಗೊಂದಲ ಇದ್ದರೂ 1947ಕ್ಕೆ ಫೋನ್ ಮಾಡಿ ಕೇಳಬಹುದು.

ಹಳೇ ಫೋನ್ ಜೊತೆಗೆ ತರುತ್ತಿದ್ದರೆ ಅದರಲ್ಲಿ ಬೇರೆ ಯಾರ ಇಮೇಲ್ ಖಾತೆ ಇದೆ, ಲೊಕೇಶನ್ ಯಾರಿಗೆ ಹೋಗುತ್ತಿದೆ ಅಂತ ನೋಡಿ. ಪಾಸ್‌ವರ್ಡ್, ಯುಪಿಐ ಪಿನ್ ಎಲ್ಲಾ ಬದಲಾಯಿಸಿ.

ಹೊರಡುವ ಮುಂಚೆ ಯಾರಾದರೂ "ಇಲ್ಲೊಂದು ಸಹಿ ಹಾಕಿ ಹೋಗು" ಅಂದರೆ ಹಾಕಬೇಡಿ. ಅದು ಆಸ್ತಿಯ ಹಕ್ಕು ಬಿಡುಗಡೆ ಪತ್ರ ಆಗಿರಬಹುದು, ಸಾಲದ ಒಪ್ಪಿಗೆ ಆಗಿರಬಹುದು. ವಕೀಲರಿಗೆ ತೋರಿಸಿ ಹೇಳುತ್ತೇನೆ ಅಂದರೆ ಸಾಕು. ವಕೀಲರಿಗೆ ದುಡ್ಡಿಲ್ಲ ಅಂತ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಉಳಿದವರಿಗೂ ಆದಾಯ ಕಡಿಮೆ ಇದ್ದರೆ ಸಿಗುತ್ತದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ನೇರವಾಗಿ ಹೋಗಿ.

ನಿಮಗೆ ಹದಿನೆಂಟು ತುಂಬಿಲ್ಲದಿದ್ದರೆ ಈ ಲೇಖನದ ದಾರಿ ನಿಮ್ಮದಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅಲ್ಲಿಂದ ಮಕ್ಕಳ ಕಲ್ಯಾಣ ಸಮಿತಿಯವರು ನೋಡಿಕೊಳ್ಳುತ್ತಾರೆ. ಒಬ್ಬರೇ ಬಸ್ಸು ಹತ್ತಿ ಬರಬೇಡಿ.

ಮೊದಲ ವಾರ

ಹೆಂಗಸರಿಗೆ 181 ಸಹಾಯವಾಣಿ ಇದೆ. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ 5 ದಿನದವರೆಗೆ ಉಳಿಯಲು ಜಾಗ, ವೈದ್ಯರ ನೆರವು, ಪೊಲೀಸರ ಮತ್ತು ವಕೀಲರ ಸಂಪರ್ಕ ಒಂದೇ ಕಡೆ ಸಿಗುತ್ತದೆ. ಅದಕ್ಕಿಂತ ಜಾಸ್ತಿ ದಿನ ಬೇಕಾದರೆ ಕಷ್ಟದಲ್ಲಿರುವ ಹೆಂಗಸರಿಗಾಗಿ ಇರುವ ಸರ್ಕಾರಿ ಆಶ್ರಯ ಕೇಂದ್ರ ಶಕ್ತಿ ಸದನಕ್ಕೆ ಕಳಿಸಿ ಅಂತ ಕೇಳಿ. ಕೆಲಸ ಸಿಕ್ಕ ಮೇಲೆ ದುಡಿಯುವ ಮಹಿಳೆಯರ ಹಾಸ್ಟೆಲ್ ವಿಚಾರಿಸಿ. ನಿಮ್ಮನ್ನು ಹೊಡೆದವರು, ಮನೆಯಿಂದ ಹೊರಗೆ ಹಾಕಿದವರು ಗಂಡನೋ ಅಪ್ಪನೋ ಆಗಿದ್ದರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನಿಮಗೆ ಆ ಮನೆಯಲ್ಲೇ ವಾಸದ ಹಕ್ಕು ಕೊಡುತ್ತದೆ. ವಾಪಸ್ ಹೋಗುವ ಮನಸ್ಸಿಲ್ಲದಿದ್ದರೂ ಈ ಹಕ್ಕು ತಿಳಿದಿರಲಿ. ಮಾತುಕತೆಗೆ ಕೂತಾಗ ಉಪಯೋಗಕ್ಕೆ ಬರುತ್ತದೆ.

ಗಂಡಸರಿಗೆ ಇಷ್ಟು ವ್ಯವಸ್ಥೆ ಇಲ್ಲ. ವಸತಿ ಇಲ್ಲದವರಿಗೆ ನಗರದಲ್ಲಿ ರಾತ್ರಿ ಉಳಿಯುವ ಆಶ್ರಯ ಕೇಂದ್ರ ಇದೆಯಾ ಅಂತ ಮಹಾನಗರ ಪಾಲಿಕೆಯಲ್ಲಿ ಕೇಳಿ. ಲಾಡ್ಜಿನಲ್ಲಿ ದುಡ್ಡು ಬೇಗ ಕರಗುತ್ತದೆ. ಊಟಕ್ಕೆ ಇಂದಿರಾ ಕ್ಯಾಂಟೀನ್ ಇದೆ, ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಅಲ್ಲಿ ತಿನ್ನುವುದಕ್ಕೆ ಸಂಕೋಚ ಬೇಡ. ಉಳಿದ ದುಡ್ಡು ರೂಮಿನ ಅಡ್ವಾನ್ಸಿಗೆ ಬೇಕಾಗುತ್ತದೆ.

ಹೆಂಗಸರಿಗೆ ಬಸ್ಸಿನ ವಿಷಯ ಒಂದು ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಇದೆ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಊರುಗಳಿಗೆ ಓಡುವುದರಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಅಲ್ಲಿ ಟಿಕೆಟ್ ತಗೊಳ್ಳಲೇಬೇಕು. ಹೊರಡುವ ದಿನ ಬಸ್ ಚಾರ್ಜಿಗೆ ಚಿಲ್ಲರೆ ಇಟ್ಟುಕೊಂಡೇ ಹೊರಡಿ.

ಮನೆಯವರು "ಕಾಣೆಯಾಗಿದ್ದಾರೆ" ಅಂತ ದೂರು ಕೊಟ್ಟಿರಬಹುದು. ಹೆದರಿ ಅಡಗಿಕೊಂಡರೆ ವಿಷಯ ಬೆಳೆಯುತ್ತದೆ. ವಕೀಲರನ್ನೋ ನಂಬಿಕೆಯ ಹಿರಿಯರನ್ನೋ ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ. "ನನ್ನ ಸ್ವಂತ ಇಷ್ಟದಿಂದ ಬಂದಿದ್ದೇನೆ, ಕ್ಷೇಮವಾಗಿದ್ದೇನೆ, ನನ್ನ ವಿಳಾಸವನ್ನು ಯಾರಿಗೂ ಕೊಡಬೇಡಿ" ಅಂತ ಹೇಳಿಕೆ ಬರೆದುಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ವಯಸ್ಕರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ವಾಪಸ್ ಕಳಿಸುವ ಅಧಿಕಾರ ಪೊಲೀಸರಿಗಿಲ್ಲ. "ಮನೆಯವರ ಜೊತೆ ಒಂದ್ಸಲ ಕೂತು ಮಾತಾಡಿ" ಅನ್ನಬಹುದು. ಬೇಡ ಅನ್ನಿಸಿದರೆ ಬೇಡ ಅನ್ನಿ. ಬೆದರಿಕೆ ಬಂದರೆ 112.

ಯಾವ ಊರಲ್ಲಿ ನಿಲ್ಲಬೇಕು

ಬಿಟ್ಟು ಬಂದವರಲ್ಲಿ ಎಷ್ಟೋ ಜನ ನೇರ ಬೆಂಗಳೂರಿನ ರೈಲು ಹತ್ತುತ್ತಾರೆ. ಜೀವಕ್ಕೆ ಬೆದರಿಕೆ ಇದ್ದರೆ ಅದೇ ಸರಿ, ದೂರ ಹೋಗಿ. ಇಲ್ಲದಿದ್ದರೆ ಮೊದಲ ಕೆಲವು ತಿಂಗಳು ಶಿವಮೊಗ್ಗವೋ ಭದ್ರಾವತಿಯೋ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಬೆಂಗಳೂರಿನ ಅಡ್ವಾನ್ಸು, ಓಡಾಟದ ಖರ್ಚು ಬರಿಗೈಯಲ್ಲಿ ಹೋದವರನ್ನು ಬೇಗ ಮುಳುಗಿಸುತ್ತದೆ. ಇನ್ನೊಂದು ಕಡೆ, ತೀರ್ಥಹಳ್ಳಿ, ಕೊಪ್ಪದಂಥ ಸಣ್ಣ ಪೇಟೆಯಲ್ಲಿ ನೀವು ಬೆಳಿಗ್ಗೆ ಬಸ್ಸಿಳಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಮನೆ ತಲುಪಿರುತ್ತದೆ. ಶಿವಮೊಗ್ಗ ಹದವಾದ ಊರು. ಗುರುತಿಸುವವರು ಕಡಿಮೆ, ಆದರೆ ಎರಡು ತಿಂಗಳು ಒಂದೇ ಅಂಗಡಿಯಲ್ಲಿ ಹಾಲು ತಗೊಂಡರೆ ಅಂಗಡಿಯವರು ಹೆಸರು ಹಿಡಿದು ಕರೆಯುವಷ್ಟು ಸಣ್ಣದು. ನಿಮಗೆ ಬೇಕಾಗಿರುವುದು ಆ ಎರಡನೆಯದೇ.

ಕೆಲಸ

"ನನಗೇನೂ ಬರಲ್ಲ" ಅಂತ ಇಂಥವರು ಹೇಳುವುದನ್ನು ಬಹಳ ಕೇಳಿದ್ದೇನೆ. ಅದು ನಿಜ ಅಲ್ಲ. ಒಳಗೆ ಸೇವೆ ಅಂತ ಮಾಡಿದ್ದೆಲ್ಲಾ ಹೊರಗೆ ಕೆಲಸವೇ. ಮುನ್ನೂರು ಜನಕ್ಕೆ ಅಡುಗೆ ಮಾಡಿದ್ದೀರಾ? ಕೇಟರಿಂಗ್‌ನವರಿಗೆ ಅಂಥವರು ಬೇಕು. ಕಾಣಿಕೆ ಲೆಕ್ಕ ಬರೆದಿದ್ದೀರಾ? ದಿನಸಿ ಮಂಡಿಯಲ್ಲಿ ಗುಮಾಸ್ತರ ಕೆಲಸ ಕೇಳಿ. ದನ ನೋಡಿಕೊಂಡಿದ್ದೀರಾ, ಬಟ್ಟೆ ಹೊಲಿದಿದ್ದೀರಾ, ಕಾಯಿಲೆಯವರ ಆರೈಕೆ ಮಾಡಿದ್ದೀರಾ, ಮಕ್ಕಳಿಗೆ ಪಾಠ ಹೇಳಿದ್ದೀರಾ, ವ್ಯಾನ್ ಓಡಿಸಿದ್ದೀರಾ? ಒಂದು ಹಾಳೆಯಲ್ಲಿ ಬರೆಯಿರಿ. ಗುಂಪಿನ ಹೆಸರು ಹಾಕಬೇಕಾಗಿಲ್ಲ. "ದೊಡ್ಡ ಸಂಸ್ಥೆಯ ಅಡುಗೆಮನೆಯಲ್ಲಿ 6 ವರ್ಷ" ಅಂದರೆ ಸುಳ್ಳೂ ಅಲ್ಲ, ಊರ ಬಾಯಿಗೆ ಮೇವೂ ಆಗಲ್ಲ.

ಯಾಕೆ ಬಿಟ್ಟಿರಿ ಅಂತ ಕೇಳಿದರೆ ಒಂದೇ ಸಾಲಿನ ಉತ್ತರ ಇಟ್ಟುಕೊಳ್ಳಿ. "ಅಲ್ಲಿ ಸಂಬಳ ಇರಲಿಲ್ಲ, ಈಗ ಸ್ವಂತ ದುಡಿಮೆ ಬೇಕು." ಅಷ್ಟೇ. ಕೆಲಸ ಕೇಳಲು ಹೋದ ಕಡೆ ಪೂರ್ತಿ ಕಥೆ ಹೇಳಬೇಡಿ. ಕೇಳಿದವರಿಗೆ ಅಯ್ಯೋ ಪಾಪ ಅನ್ನಿಸಬಹುದು, ಆದರೆ ಪಾಪ ಅನ್ನಿಸಿದವರಿಗೆ ಸಂಬಳ ಕಮ್ಮಿ ಕೊಡುವವರೂ ಇದ್ದಾರೆ.

ಇಲ್ಲಿ ಬೇಗ ಸಿಗುವ ಕೆಲಸಗಳು ಯಾವುವು? ನೆಹರು ರಸ್ತೆ, ಗಾಂಧಿ ಬಜಾರಿನ ಬಟ್ಟೆ, ದಿನಸಿ, ಪಾತ್ರೆ ಅಂಗಡಿಗಳ ಬಾಗಿಲಲ್ಲಿ "ಕೆಲಸಕ್ಕೆ ಬೇಕಾಗಿದ್ದಾರೆ" ಅಂತ ರಟ್ಟು ನೇತುಹಾಕಿರುತ್ತಾರೆ. ಒಂದು ಮಧ್ಯಾಹ್ನ ಸುಮ್ನೆ ನಡೆದು ಬನ್ನಿ, ಬೆಳಿಗ್ಗೆ ಗಿರಾಕಿ ಗಲಾಟೆಯಲ್ಲಿ ಮಾಲೀಕರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ದುರ್ಗಿಗುಡಿ ಕಡೆ ನರ್ಸಿಂಗ್ ಹೋಮು, ಲ್ಯಾಬು, ಮೆಡಿಕಲ್ ಶಾಪುಗಳಿವೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿ, ಗಾರ್ಮೆಂಟ್ಸ್ ಇವೆ. ಫ್ಯಾಕ್ಟರಿಯಾದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಪಿಎಫ್ (ಭವಿಷ್ಯ ನಿಧಿ) ಇದೆಯಾ ಅಂತ ಸೇರುವ ಮುಂಚೆಯೇ ಕೇಳಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಹಿಂದೆ ಮುಂದೆ ಯಾರೂ ಇಲ್ಲದವರಿಗೆ ಕಾಯಿಲೆ ಬಿದ್ದಾಗ ಅದೇ ಆಸರೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಬಂದವರಾದರೆ ಅಡಿಕೆ ಸುಗ್ಗಿ ಇರುತ್ತದೆ. ಕೊನೆ, ಅಂದರೆ ಅಡಿಕೆ ಗೊನೆ ಕೊಯ್ಯುವುದು ಕಲಿತ ಕೊನೆಗಾರರ ಕೆಲಸ, ಹೊಸಬರು ಮರದ ತಂಟೆಗೆ ಹೋಗಲೇಬಾರದು. ಸುಲಿಯುವುದನ್ನು ಯಾರು ಬೇಕಾದರೂ ಕಲಿಯಬಹುದು. ಸಂಜೆ ಹೊತ್ತಿಗೆ ಮನೆಯ ಮುಂದಿನ ಚಪ್ಪರದಡಿ ಹಸಿ ಅಡಿಕೆಯ ರಾಶಿ ಹಾಕಿ, ಸುತ್ತ ಮೆಟ್ಟುಗತ್ತಿ (ಅಡಿಕೆ ಸುಲಿಯುವ ಕತ್ತಿ) ಇಟ್ಟುಕೊಂಡು ಕೂರುತ್ತಾರೆ. ಸುಲಿದಷ್ಟಕ್ಕೆ ಅಳತೆಯ ಮೇಲೆ ದುಡ್ಡು. ಮೊದಲ ದಿನಗಳಲ್ಲಿ ಪಕ್ಕದವರ ಡಬ್ಬ ತುಂಬಿದರೂ ನಿಮ್ಮದು ತುಂಬಿರುವುದಿಲ್ಲ. ಕೈಗೆ ಅಡಿಕೆಯ ಕಲೆ ಹತ್ತುತ್ತದೆ, ಸೋಪಿಗೂ ಬಿಡುವುದಿಲ್ಲ. ಆದರೂ ನಾನು ಈ ಕೆಲಸವನ್ನು ಹೊಸಬರಿಗೆ ಹೇಳುವುದಕ್ಕೆ ಕಾರಣ ಇದೆ. ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿಗೆ ಬಿಡುವು. ಅಕ್ಕಪಕ್ಕದವರು ಊರು-ಕೇರಿ ಎಲ್ಲಾ ಮಾತಾಡುತ್ತಾರೆ. ಯಾರ ಮನೆಯ ಔಟ್‌ಹೌಸ್ ಖಾಲಿ ಇದೆ, ಯಾವ ಹೋಟೆಲಿನಲ್ಲಿ ಜನ ಬೇಕು, ಯಾರು ಸಂಬಳ ಸರಿಯಾಗಿ ಕೊಡಲ್ಲ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಒಂದು ಸುಗ್ಗಿ ಮುಗಿಯುವ ಹೊತ್ತಿಗೆ "ನಮ್ಮಲ್ಲಿ ಸುಲಿಯೋಕೆ ಬರ್ತಾ ಇದ್ದಳು, ಒಳ್ಳೆ ಹುಡುಗಿ" ಅನ್ನುವ ನಾಲ್ಕು ಜನ ನಿಮಗಿರುತ್ತಾರೆ. ಯಂತ್ರದಲ್ಲಿ ಸುಲಿಸುವವರು ಈಗ ಹೆಚ್ಚಾಗಿದ್ದಾರೆ. ಅಂಥ ಕಡೆ ಆರಿಸುವ, ಒಣಗಿಸುವ ಕೆಲಸ ಕೇಳಿ.

ಉಳಿಯಲು ಜಾಗವೇ ಇಲ್ಲದವರಿಗೆ ಊಟ-ವಸತಿ ಸೇರಿದ ಕೆಲಸ ದೊಡ್ಡ ಉಪಕಾರ. ಹೋಟೆಲಿನ ಸಪ್ಲೈಯರ್, ಆಗುಂಬೆ-ತೀರ್ಥಹಳ್ಳಿ ಕಡೆಯ ಹೋಂಸ್ಟೇ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ಕಾಫಿ ತೋಟದಲ್ಲಿ ಲೈನ್ ಮನೆ (ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆ) ಕೊಡುವ ಕೆಲಸ. ಖಂಡಿತ ಸೇರಿ. ಆದರೆ ಸೇರುವ ದಿನವೇ ಮೂರು ವಿಷಯ ಮಾತಾಡಿ ಮುಗಿಸಿ: ಸಂಬಳ ಎಷ್ಟು ಮತ್ತು ಯಾವ ತಾರೀಕಿಗೆ, ವಾರಕ್ಕೆ ರಜೆ ಯಾವಾಗ, ಆಧಾರ್ ಮೂಲ ಪ್ರತಿ ನಿಮ್ಮ ಹತ್ತಿರವೇ ಇರುತ್ತದೆ ಅನ್ನುವುದು. ಜೆರಾಕ್ಸ್ ಕೊಡಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ. ಸಂಬಳ ಬ್ಯಾಂಕಿಗೆ ಬರಲಿ. "ದುಡ್ಡು ನನ್ನ ಹತ್ರ ಇರ್ಲಿ ಬಿಡಮ್ಮ, ಬೇಕಾದಾಗ ಕೇಳು" ಅನ್ನುವ ಮಾಲೀಕರು ಒಳ್ಳೆಯವರೇ ಇರಬಹುದು. ಆದರೂ ಬೇಡ. ಅದೇ ಮಾತನ್ನು ನೀವು ಒಳಗೂ ಕೇಳಿದ್ದಿರಿ, ಅಲ್ವಾ?

ತೋಟದವರೋ ಮೇಸ್ತ್ರಿಯೋ ದೊಡ್ಡ ಮುಂಗಡ ಕೊಡಲು ಬಂದರೆ ತಗೊಳ್ಳಬೇಡಿ. ಮುಂಗಡ ತೀರುವವರೆಗೆ ಬಿಟ್ಟು ಹೋಗುವಂತಿಲ್ಲ ಅಂತ ಹಿಡಿದಿಡುವುದು ಜೀತ. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಅಂಥ ಸಾಲವನ್ನೇ ರದ್ದು ಮಾಡಿದೆ. ಕೆಲಸ ಕೊಡಿಸುತ್ತೇವೆ ಅಂತ ಮೊದಲೇ ದುಡ್ಡು ಕೇಳುವ ಕನ್ಸಲ್ಟೆನ್ಸಿಗಳಿಗೂ ದೂರದಿಂದಲೇ ಕೈಮುಗಿಯಿರಿ.

ಕೈಕಸುಬು ಕಲಿಯುವ ಮನಸ್ಸಿದ್ದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಈಗ ದೇಶದ ಬಹುತೇಕ ಜಿಲ್ಲೆಗಳಲ್ಲಿ ಬ್ಯಾಂಕುಗಳು ಇದನ್ನು ನಡೆಸುತ್ತವೆ. ಹೊಲಿಗೆ, ಮೊಬೈಲ್ ರಿಪೇರಿ, ವೈರಿಂಗ್, ಹೈನುಗಾರಿಕೆ ಇತ್ಯಾದಿ ಕಲಿಸುತ್ತಾರೆ. ತರಬೇತಿ, ಊಟ, ವಸತಿ ಮೂರೂ ಉಚಿತ. ತರಬೇತಿ ನಡೆಯುವಷ್ಟು ದಿನ ತಲೆ ಮೇಲೆ ಸೂರೂ ಆಯಿತು, ಕೈಗೆ ಕಸುಬೂ ಆಯಿತು.

ಮನೆ

ಮೊದಲೇ ಸ್ವಂತ ಮನೆ ಹುಡುಕಬೇಡಿ. ಹಂಚಿಕೊಳ್ಳುವ ರೂಮೋ ಪಿ.ಜಿ.ಯೋ ನೋಡಿ. ಕಾಲೇಜುಗಳಿರುವ ನವುಲೆ ಕಡೆ, ಊರೊಳಗೆ ವಿನೋಬನಗರ, ಗೋಪಾಳದ ಬೀದಿಗಳಲ್ಲಿ ನಡೆದರೆ ಬೋರ್ಡುಗಳು ಕಾಣುತ್ತವೆ. ಕಾಲೇಜು ಶುರುವಾಗುವ ತಿಂಗಳುಗಳಲ್ಲಿ ಸಿಗುವುದು ಕಷ್ಟ. ಪರೀಕ್ಷೆ ಮುಗಿದ ಮೇಲೆ ಖಾಲಿ ಇರುತ್ತವೆ, ಚೌಕಾಸಿಗೂ ಒಪ್ಪುತ್ತಾರೆ.

ಮನೆ ಕೇಳಲು ಹೋದಾಗ ಮಾತು ಹೀಗೆ ನಡೆಯುತ್ತದೆ.

"ಯಾವ ಊರಾಯ್ತಪ್ಪಾ?"

"ಸೊರಬದ ಕಡೆ, ಅಮ್ಮಾ. ಇಲ್ಲೇ ಗಾಂಧಿ ಬಜಾರಲ್ಲಿ ದಿನಸಿ ಅಂಗಡೀಲಿ ಕೆಲಸ ಮಾಡ್ತೀನಿ."

"ಯಾವ ಜನ ನೀವು? ಅಪ್ಪ-ಅಮ್ಮ ಬರ್ತಾರಾ?"

"ಸದ್ಯ ಮನೆಯವರ ಜೊತೆ ಇಲ್ಲ, ಒಬ್ನೇ ಇರೋದು. ನನ್ನ ಬಗ್ಗೆ ಕೇಳ್ಬೇಕಂದ್ರೆ ಅಂಗಡಿ ಯಜಮಾನರ ನಂಬರ್ ಕೊಡ್ತೀನಿ. ಈಗ್ಲೇ ಫೋನ್ ಮಾಡಿ ಬೇಕಾದ್ರೆ."

ಆ ಕೊನೆಯ ಮಾತಿನಲ್ಲೇ ಜೀವ ಇರುವುದು. ಮಾಲೀಕರಿಗೆ ನಿಮ್ಮ ಜಾತಿಗಿಂತ ಹೆಚ್ಚಾಗಿ ಕಾಡುವುದು ಬಾಡಿಗೆ ಬರುತ್ತೋ ಇಲ್ಲವೋ, ನಾಳೆ ಯಾರಾದರೂ ಬಂದು ಬಾಗಿಲಲ್ಲಿ ಗಲಾಟೆ ಮಾಡುತ್ತಾರೋ ಅನ್ನುವ ಭಯ. "ಯಾವ ಜನ" ಅನ್ನುವ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತಿಲ್ಲ. ಉತ್ತರ ಕೇಳಿಯೇ ಮನೆ ಕೊಡುವುದು ಅನ್ನುವವರು ಇದ್ದೇ ಇದ್ದಾರೆ, ಅದು ಈ ಊರಿನ ಕೆಟ್ಟ ಸತ್ಯ. ಸುಳ್ಳು ಜಾತಿ ಹೇಳಿ ಸೇರಿಕೊಂಡರೆ ಮುಂದೊಂದು ದಿನ ರಾತ್ರೋರಾತ್ರಿ ಗಂಟುಮೂಟೆ ಕಟ್ಟಬೇಕಾಗುತ್ತದೆ. ನಮಸ್ಕಾರ ಹೇಳಿ ಮುಂದಿನ ಮನೆಗೆ ಹೋಗಿ.

ಪರಿಚಯ ಹೇಳಲು ನಿಮಗೆ ಇಬ್ಬರು ಬೇಕು. ಒಬ್ಬರು ಕೆಲಸದ ಕಡೆಯವರು, ಇನ್ನೊಬ್ಬರು ಬೇರೆ ಯಾರಾದರೂ: ತರಬೇತಿ ಕೊಟ್ಟ ಮೇಷ್ಟ್ರು, ಸಖಿ ಕೇಂದ್ರದ ಮೇಡಂ, ಹಳೇ ಶಾಲಾ ಗೆಳೆಯರು. ನಂಬರು ಕೊಡುವ ಮುಂಚೆ ಅವರನ್ನು ಕೇಳಿ, ನಿಮ್ಮ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು ಅಂತ ತಿಳಿಸಿ.

ಕರಾರು ಪತ್ರ ಬೇಡ ಅನ್ನುವ ಮಾಲೀಕರಿದ್ದಾರೆ. ನೀವು ಮಾಡಿಸಿಕೊಳ್ಳಿ, ಸ್ಟ್ಯಾಂಪ್ ಪೇಪರಿನ ಖರ್ಚು ನಾನೇ ಕೊಡುತ್ತೇನೆ ಅನ್ನಿ. 11 ತಿಂಗಳ ಕರಾರು ಇಲ್ಲಿನ ವಾಡಿಕೆ. ಅಡ್ವಾನ್ಸ್ ಎಷ್ಟು, ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಎಷ್ಟು ತಿಂಗಳ ಮುಂಚೆ ಹೇಳಬೇಕು ಅನ್ನುವುದು ಅದರಲ್ಲಿ ಬರಲಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ.

ಮಲೆನಾಡಿನಲ್ಲಿ ಬೇಸಿಗೆಯಲ್ಲಿ ನೋಡಿದ ಮನೆ ಮಳೆಗಾಲದಲ್ಲಿ ಬೇರೆಯೇ ಆಗಿರುತ್ತದೆ. ಗೋಡೆಯ ಬುಡಕ್ಕೆ ಕೈ ಇಟ್ಟು ನೋಡಿ, ಅಟ್ಟದ ಮೂಲೆ ನೋಡಿ. ಹೊಸದಾಗಿ ಬಣ್ಣ ಬಳಿದ ಗೋಡೆಯಿಂದ ಮುಗ್ಗಲು ವಾಸನೆ ಬಂದರೆ ಹಿಂದೆ ನೀರು ಇಳಿದಿದೆ ಅಂತಲೇ. ಜೂನ್‌ಗೆ ಮುಂಚೆ ಸೇರಿಕೊಳ್ಳುವುದು ಒಳ್ಳೆಯದು, ಮಳೆ ಹಿಡಿದ ಮೇಲೆ ಮನೆ ಹುಡುಕುವುದು ನರಕ.

ಆಧಾರ್ ವಿಳಾಸ ಬದಲಾಯಿಸುವುದನ್ನು ಮುಂದೂಡಬೇಡಿ. ಕರಾರು ಇನ್ನೂ ಆಗಿಲ್ಲ, ಆಶ್ರಯ ಕೇಂದ್ರದಲ್ಲಿದ್ದೀರಿ ಅಂದರೆ, ಅಲ್ಲಿನ ಮುಖ್ಯಸ್ಥರು ಆಧಾರ್‌ನ ನಿಗದಿತ ನಮೂನೆಯಲ್ಲಿ ದೃಢೀಕರಣ ಕೊಡಬಹುದು. ಹಾಗೆಯೇ, ಗ್ಯಾಸ್ ಸಂಪರ್ಕಕ್ಕೆ ವಿಳಾಸದ ದಾಖಲೆ ಇಲ್ಲದವರು 5 ಕೆ.ಜಿ. ಸಣ್ಣ ಸಿಲಿಂಡರ್ ಕೇಳಿ. ಗುರುತಿನ ಚೀಟಿ ತೋರಿಸಿದರೆ ಕೊಡುತ್ತಾರೆ.

ಕೆಲಸ, ಮನೆ ಎರಡನ್ನೂ ಬೇರೆ ಮಾಡಿಕೊಳ್ಳುವುದು

ಊಟ-ವಸತಿ ಇರುವ ಕೆಲಸದಲ್ಲೇ ಇದ್ದರೆ, ಒಂದು ರೂಮಿನ ಅಡ್ವಾನ್ಸು ಮತ್ತು ಎರಡು ತಿಂಗಳ ಬಾಡಿಗೆಯಷ್ಟು ಖಾತೆಯಲ್ಲಿ ಸೇರಿದ ದಿನ ಹೊರಗೆ ರೂಮು ನೋಡಲು ಶುರು ಮಾಡಿ. ಮಾಲೀಕರು ಬೇಜಾರು ಮಾಡಿಕೊಳ್ಳಬಹುದು. ಕೆಲಸ ಬಿಡುತ್ತಿಲ್ಲ, ಮಲಗುವುದು ಮಾತ್ರ ಬೇರೆ ಕಡೆ ಅಂತ ನಿಧಾನವಾಗಿ ಹೇಳಿ. ಕೆಲಸ ಹೋದರೆ ಅದೇ ರಾತ್ರಿ ಬೀದಿಗೆ ಬೀಳುವ ಭಯ ಇರುವವರೆಗೆ ನೀವು ಸಂಬಳ ಜಾಸ್ತಿ ಕೇಳಲಾರಿರಿ, ತಪ್ಪನ್ನು ತಪ್ಪು ಅನ್ನಲಾರಿರಿ. ಬಿಟ್ಟು ಬಂದವರಿಗೆ ಈ ಭಯದ ಗುರುತು ಚೆನ್ನಾಗಿ ಇರುತ್ತದೆ.

ಸ್ನೇಹದ ವಿಷಯದಲ್ಲೂ ಅಷ್ಟೇ. ಒಂಟಿತನ ಮೊದಲ ಹಬ್ಬಕ್ಕೆ ಬಂದು ಎದೆ ಮೇಲೆ ಕೂರುತ್ತದೆ. ದೀಪಾವಳಿಯೋ ರಂಜಾನೋ ಕ್ರಿಸ್‌ಮಸ್ಸೋ, ಆ ದಿನ ರೂಮಿನಲ್ಲಿ ಒಬ್ಬರೇ ಇರಬೇಡಿ. ಡಬಲ್ ಡ್ಯೂಟಿ ಬೇಕಾದರೂ ಕೇಳಿ ಮಾಡಿ. ಈ ಹೊತ್ತಿನಲ್ಲೇ ಇನ್ನೊಂದು ಗುಂಪಿನವರು ಬಂದು ಪ್ರೀತಿಯಿಂದ ಊಟಕ್ಕೆ ಕರೆಯುವುದು, "ನಮ್ಮಲ್ಲೇ ಇದ್ದುಬಿಡಿ" ಅನ್ನುವುದು. ಊಟ ಮಾಡಿ ಬನ್ನಿ, ರೂಮಿನ ಬೀಗದ ಕೈ ಬಿಟ್ಟುಕೊಡಬೇಡಿ. ನಿದ್ದೆ ಬರುತ್ತಿಲ್ಲ, ಸಾಯುವ ಯೋಚನೆ ಬರುತ್ತಿದೆ ಅಂದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿಯೂ ಸಿಗುತ್ತಾರೆ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೂ ಹೋಗಬಹುದು.

ಓದು ಅರ್ಧಕ್ಕೆ ನಿಂತಿದ್ದರೆ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಬರೆಯಬಹುದು. ಪಿಯುಸಿ ಆಗಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪದವಿಗೆ ಕೆಲಸ ಮಾಡುತ್ತಲೇ ಸೇರಬಹುದು. ಪದವಿ ಈಗಷ್ಟೇ ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಇದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಅದಕ್ಕೆ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಪಾಸಾಗಿ 180 ದಿನ ಆಗಿರಬೇಕು, ಕೆಲಸ ಸಿಕ್ಕಿರಬಾರದು. ಅರ್ಜಿ ಹಾಕುವಾಗ ನಿಮ್ಮದೇ ಖಾತೆಯ ನಂಬರು, ನಿಮ್ಮದೇ ಮೊಬೈಲ್ ನಂಬರು ಕೊಟ್ಟಿದ್ದೀರಾ ಅಂತ ಇನ್ನೊಮ್ಮೆ ನೋಡಿ ಕಳಿಸಿ.